‘ಮಿತ’ ಎಂಬ ವಿಶೇಷಣ: ಅಮೆರಿಕದ ಶಾಲಾ ಉತ್ತರದಾಯಿತ್ವ ಕಾಯ್ದೆಯ ನವೀಕರಣ ಚರ್ಚೆಯಲ್ಲಿ ಭಾಷಾವರ್ಗದ ವ್ಯಾಖ್ಯಾನ, 1965–2015

1. ಪ್ರವೇಶ

ಅಮೆರಿಕ ಸಂಯುಕ್ತ ಸಂಸ್ಥಾನದ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅವರು 2002ರ ಜನವರಿ 8ರಂದು ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಎಂಬ ಕಾಯ್ದೆಗೆ ಅಂಕಿತ ಹಾಕಿದರು. ಸಾರ್ವಜನಿಕ ಶಾಲೆಗಳ ಎಲ್ಲ ಮಕ್ಕಳೂ 2013–14ನೆಯ ಶೈಕ್ಷಣಿಕ ವರ್ಷದ ಕೊನೆಯ ಹೊತ್ತಿಗೆ ಓದು ಮತ್ತು ಗಣಿತಗಳಲ್ಲಿ ‘ಪ್ರವೀಣ’ ಮಟ್ಟವನ್ನು ಮುಟ್ಟಬೇಕೆಂದು ಆ ಕಾಯ್ದೆ ವಿಧಿಸಿತು. ಹಾಗೆ ಮುಟ್ಟಬೇಕಾದ ಉಪಗುಂಪುಗಳಲ್ಲಿ ‘ಮಿತ ಇಂಗ್ಲಿಷ್ ಪ್ರಾವೀಣ್ಯವುಳ್ಳ’ ವಿದ್ಯಾರ್ಥಿಗಳದೂ ಒಂದು. ಈ ಉಪಗುಂಪಿಗೆ ಯಾರು ಸೇರುತ್ತಾರೆ ಎಂಬುದನ್ನು ಕಾಯ್ದೆಯ ವ್ಯಾಖ್ಯಾನ ಪ್ರಕರಣವೇ ಹೇಳುತ್ತದೆ. ಇಂಗ್ಲಿಷನ್ನು ಮಾತನಾಡುವ, ಓದುವ, ಬರೆಯುವ ಅಥವಾ ಅರ್ಥಮಾಡಿಕೊಳ್ಳುವ ತೊಡಕಿನಿಂದಾಗಿ ರಾಜ್ಯದ ಪರೀಕ್ಷೆಯಲ್ಲಿ ಪ್ರವೀಣ ಮಟ್ಟವನ್ನು ಮುಟ್ಟಲು ಆಗದೆ ಹೋಗಬಹುದಾದ ಮಗು ಈ ವರ್ಗದ್ದು. ಎಂದರೆ, ಯಾವ ಅಸಾಮರ್ಥ್ಯದ ಸಂಭವವು ಮಗುವನ್ನು ಈ ವರ್ಗಕ್ಕೆ ಸೇರಿಸಿತೋ ಅದೇ ಅಸಾಮರ್ಥ್ಯವು ಆ ವರ್ಗದಲ್ಲಿ ಒಬ್ಬರಲ್ಲೂ ಉಳಿಯಕೂಡದೆಂದು ಕಾಯ್ದೆ ಬಯಸಿತು.

ಈ ವಿರೋಧವು ಕರಡು ರಚಿಸಿದವರ ಅಜಾಗರೂಕತೆಯ ಫಲವೆಂದು ನಾವು ಭಾವಿಸುವುದಿಲ್ಲ. ಅದಕ್ಕೆ 1965ರಿಂದ ಮೊದಲಾಗುವ ಒಂದು ಚರಿತ್ರೆಯಿದೆ. ಶಾಲಾ ಉತ್ತರದಾಯಿತ್ವ ಕಾಯ್ದೆಯ ನವೀಕರಣ ಕುರಿತ ಚರ್ಚೆಯನ್ನು ಸಾಮಾನ್ಯವಾಗಿ ಒಕ್ಕೂಟ ಸರ್ಕಾರ ಮತ್ತು ರಾಜ್ಯಗಳ ಅಧಿಕಾರ ಹಂಚಿಕೆಯ ಪ್ರಶ್ನೆಯಾಗಿ, ಇಲ್ಲವೇ ಪರೀಕ್ಷೆಯ ಅತಿರೇಕದ ಪ್ರಶ್ನೆಯಾಗಿ ಬರೆಯಲಾಗಿದೆ. ಆ ಚರ್ಚೆಯ ಒಳಗೆ ಭಾಷಾವಿಜ್ಞಾನಕ್ಕೆ ನೇರವಾಗಿ ಸಂಬಂಧಿಸಿದ ಇನ್ನೊಂದು ಪ್ರಶ್ನೆಯೂ ಇತ್ತೆಂಬುದನ್ನು, ಅದು ಐವತ್ತು ವರ್ಷಗಳ ನಂತರವೂ ಪೂರ್ತಿಯಾಗಿ ಇತ್ಯರ್ಥವಾಗಲಿಲ್ಲವೆಂಬುದನ್ನು ಈ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ. ಕಲಿಕೆಯ ಒಂದು ಹಂತವನ್ನು ಜನವರ್ಗವೊಂದರ ಸ್ಥಿರ ಲಕ್ಷಣವೆಂಬಂತೆ ಎಣಿಸಿದರೆ ಬರುವ ಅಂಕಿಗಳು ಏನನ್ನು ಹೇಳುತ್ತವೆ ಎಂಬುದೇ ಆ ಪ್ರಶ್ನೆ.

2. ಹಣದ ಕಾಯ್ದೆ, ಭಾಷೆಯ ಪ್ರವೇಶ

ಮೂಲ ಕಾಯ್ದೆಯಾದ ‘ಪ್ರಾಥಮಿಕ ಮತ್ತು ಮಾಧ್ಯಮಿಕ ಶಿಕ್ಷಣ ಕಾಯ್ದೆ’ಗೆ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು 1965ರ ಏಪ್ರಿಲ್ 11ರಂದು, ಟೆಕ್ಸಾಸ್‌ನಲ್ಲಿ ತಾವು ಬಾಲ್ಯದಲ್ಲಿ ಕಲಿತ ಒಂದು ಕೊಠಡಿಯ ಶಾಲೆಯ ಬಳಿ, ಅಂಕಿತ ಹಾಕಿದರು. ಬಡ ಮಕ್ಕಳು ಹೆಚ್ಚಿರುವ ಶಾಲೆಗಳಿಗೆ ಒಕ್ಕೂಟದ ಹಣವನ್ನು ಒದಗಿಸುವುದು ಅದರ ಮೊದಲ ಅಧ್ಯಾಯದ ಉದ್ದೇಶ. ಆ ಹಣದಿಂದ ಮಕ್ಕಳು ಏನನ್ನು ಕಲಿತರೆಂಬುದರ ಮೌಲ್ಯಮಾಪನವೂ ಕಾಯ್ದೆಯಲ್ಲಿರಬೇಕೆಂದು ಸೆನೆಟರ್ ರಾಬರ್ಟ್ ಕೆನಡಿ ಒತ್ತಾಯಿಸಿದ್ದರು. ಮುಂದೆ ‘ಉತ್ತರದಾಯಿತ್ವ’ವೆಂದು ಹೆಸರಾದ ವಿಚಾರದ ಬೀಜ ಅಲ್ಲಿದೆ. ಆದರೆ 1965ರ ಪಠ್ಯವು ಬಡತನವನ್ನು ಕುರಿತದ್ದು. ಮನೆಮಾತಿನ ಪ್ರಶ್ನೆಗೆ ಅದರಲ್ಲಿ ಪ್ರತ್ಯೇಕ ಸ್ಥಾನವಿರಲಿಲ್ಲ.

ಆ ಸ್ಥಾನ ದೊರೆತದ್ದು ಮೂರು ವರ್ಷಗಳ ನಂತರ. ಟೆಕ್ಸಾಸ್‌ನ ಸೆನೆಟರ್ ರಾಲ್ಫ್ ಯಾರ್ಬರೋ ಅವರು 1967ರಲ್ಲಿ ಮಂಡಿಸಿದ ಮಸೂದೆ ಮೊದಲಿಗೆ ಸ್ಪ್ಯಾನಿಷ್ ಮನೆಮಾತಿನ ಮಕ್ಕಳನ್ನು ಮಾತ್ರ ಉದ್ದೇಶಿಸಿತ್ತು. ಅದು ವಿಸ್ತಾರಗೊಂಡು, ಮೂಲ ಕಾಯ್ದೆಯ ಏಳನೆಯ ಅಧ್ಯಾಯವಾಗಿ, 1968ರ ಜನವರಿ 2ರಂದು ‘ದ್ವಿಭಾಷಾ ಶಿಕ್ಷಣ ಕಾಯ್ದೆ’ಯ ಹೆಸರಿನಲ್ಲಿ ಜಾರಿಗೆ ಬಂತು. ಮೊದಲ ಅನುದಾನ ಸಣ್ಣದು: 1969ರ ಹಣಕಾಸು ವರ್ಷಕ್ಕೆ 75 ಲಕ್ಷ ಡಾಲರು. ಕಾಯ್ದೆಯು ಈ ಮಕ್ಕಳನ್ನು ‘ಇಂಗ್ಲಿಷ್ ಮಾತಿನ ಸಾಮರ್ಥ್ಯ ಮಿತವಾಗಿರುವ ಮಕ್ಕಳು’ ಎಂದು ಕರೆಯಿತು. ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಅಧ್ಯಾಯದ ಹೆಸರಿನಲ್ಲಿ ‘ದ್ವಿಭಾಷಾ’ ಎಂಬ ಪದವಿತ್ತು. ಎಂದರೆ ಮಗುವಿಗೆ ಎರಡು ಭಾಷೆಗಳುಂಟೆಂಬ ಅಂಗೀಕಾರವಿತ್ತು. ಫಲಾನುಭವಿಯ ಹೆಸರಿನಲ್ಲಿ ಮಾತ್ರ ಒಂದೇ ಭಾಷೆಯಿತ್ತು, ಅದೂ ‘ಮಿತ’ ಎಂಬ ವಿಶೇಷಣದೊಡನೆ. ಕಾರ್ಯಕ್ರಮವು ಇರುವುದನ್ನು ಹೆಸರಿಸಿತು; ವರ್ಗವು ಇಲ್ಲದಿರುವುದನ್ನು ಹೆಸರಿಸಿತು.

3. ನ್ಯಾಯಾಲಯದ ಮಾತು ಮತ್ತು ಹೆಸರಿನ ಮೊದಲ ಬದಲಾವಣೆ

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂಗ್ಲಿಷ್ ಬಾರದ ಸುಮಾರು 1,800 ಚೀನೀ ಮೂಲದ ಮಕ್ಕಳಿಗೆ ಯಾವುದೇ ಭಾಷಾ ನೆರವು ದೊರೆಯುತ್ತಿರಲಿಲ್ಲ. ಎಲ್ಲರಿಗೂ ಒಂದೇ ಪಠ್ಯಪುಸ್ತಕ, ಒಂದೇ ಶಿಕ್ಷಕ, ಒಂದೇ ಕೊಠಡಿಯನ್ನು ಕೊಟ್ಟ ಮಾತ್ರಕ್ಕೆ ಸಮಾನತೆಯಾಗದೆಂದು ಸರ್ವೋಚ್ಚ ನ್ಯಾಯಾಲಯವು 1974ರ ಜನವರಿಯಲ್ಲಿ, ಲಾವ್ ವಿರುದ್ಧ ನಿಕೋಲ್ಸ್ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಪರಿಹಾರ ಯಾವ ರೂಪದ್ದಾಗಿರಬೇಕೆಂಬುದನ್ನು ಅದು ವಿಧಿಸಲಿಲ್ಲ. ಆ ತೆರಪನ್ನು ಭಾಗಶಃ ತುಂಬಿದ್ದು 1981ರ ಕ್ಯಾಸ್ಟನೇಡಾ ವಿರುದ್ಧ ಪಿಕಾರ್ಡ್ ತೀರ್ಪು. ಐದನೆಯ ವಲಯದ ಮೇಲ್ಮನವಿ ನ್ಯಾಯಾಲಯವು ಅದರಲ್ಲಿ ಮೂರು ಕಟ್ಟಳೆಗಳನ್ನು ಇರಿಸಿತು: ಕಾರ್ಯಕ್ರಮವು ತಜ್ಞರು ಒಪ್ಪುವ ಸಿದ್ಧಾಂತವೊಂದನ್ನು ಆಧರಿಸಿರಬೇಕು, ಅದನ್ನು ತಕ್ಕ ಸಂಪನ್ಮೂಲಗಳೊಡನೆ ನಡೆಸಬೇಕು, ಭಾಷಿಕ ತೊಡಕು ನಿವಾರಣೆಯಾಗುತ್ತಿದೆಯೆಂದು ಫಲಿತಾಂಶ ತೋರಬೇಕು. ಉತ್ತರದಾಯಿತ್ವದ ಒಂದು ಕಲ್ಪನೆ ಹೀಗೆ 2001ಕ್ಕೆ ಮೊದಲೇ ಇತ್ತು. ಅದು ಪ್ರಶ್ನಿಸಿದ್ದು ಶಾಲೆಯ ಕಾರ್ಯಕ್ರಮವನ್ನು. ಸಿದ್ಧಾಂತ, ಅನುಷ್ಠಾನ, ಫಲ ಎಂಬ ಕ್ರಮದಲ್ಲಿ.

ಈ ನಡುವೆ, 1978ರ ನವೀಕರಣದಲ್ಲಿ, ‘ಮಾತಿನ ಸಾಮರ್ಥ್ಯ’ ಎಂಬುದು ಹೋಗಿ ‘ಪ್ರಾವೀಣ್ಯ’ ಎಂಬುದು ಬಂತು. ಮಾತಿಗೆ ಸೀಮಿತವಾಗಿದ್ದ ವರ್ಗಕ್ಕೆ ಓದು, ಬರಹ, ಗ್ರಹಿಕೆಗಳು ಸೇರಿದವು. ಆ ಕಾಲದ ಸಂಶೋಧನೆಗೆ ಇದು ಹೊಂದುವಂಥದು. ಆಟದ ಬಯಲಿನ ಸಂಭಾಷಣೆ ಬೇಗ ಬರುತ್ತದೆ, ಪಾಠದ ಭಾಷೆ ತಡವಾಗಿ ಬರುತ್ತದೆ ಎಂಬ ಭೇದವನ್ನು ಜಿಮ್ ಕಮಿನ್ಸ್ 1979ರಲ್ಲಿ ಸೂತ್ರೀಕರಿಸಿದರು. ಈ ಭೇದವು ಶಾಲೆಯ ಭಾಷಾಪ್ರಭೇದವನ್ನು ಮೇಲಿಟ್ಟು ಮನೆಯ ಮಾತನ್ನು ಕೀಳಾಗಿಸುತ್ತದೆಂಬ ಆಕ್ಷೇಪ ಮುಂದೆ ಬಲವಾಗಿ ಬಂದುದನ್ನೂ ಇಲ್ಲಿ ಹೇಳಬೇಕು. ಆದರೆ ಶಾಸನದ ದೃಷ್ಟಿಯಿಂದ ಹೊಸ ಪದದ ಪರಿಣಾಮ ಬೇರೆ. ‘ಮಾತನಾಡುವ ಸಾಮರ್ಥ್ಯ’ವನ್ನು ಶಿಕ್ಷಕಿಯೊಬ್ಬರು ಕೇಳಿ ತಿಳಿಯಬಹುದಾಗಿತ್ತು. ‘ಪ್ರಾವೀಣ್ಯ’ವನ್ನು ಅಳೆಯಲು ಪರೀಕ್ಷೆ ಬೇಕಾಯಿತು.

ಅವಧಿಯ ಮಿತಿ ಸೇರಿದ್ದು 1988ರ ನವೀಕರಣದಲ್ಲಿ. ವಿದ್ಯಾರ್ಥಿಯೊಬ್ಬರು ಇಂಥ ಕಾರ್ಯಕ್ರಮದಲ್ಲಿ ಸಾಮಾನ್ಯವಾಗಿ ಮೂರು ವರ್ಷಕ್ಕಿಂತ ಹೆಚ್ಚು ಇರಬಾರದೆಂದಾಯಿತು; ಅನುದಾನದ ಶೇ. 25ರವರೆಗೆ ಮಾತೃಭಾಷೆಯನ್ನು ಬಳಸದ ಕಾರ್ಯಕ್ರಮಗಳಿಗೂ ಕೊಡಬಹುದೆಂದಾಯಿತು. ಮೂರು ವರ್ಷವೆಂಬ ಈ ಅಂಕಿಯನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇವೆ.

ಬಿಲ್ ಕ್ಲಿಂಟನ್ ಅವರ ಕಾಲದಲ್ಲಿ, 1994ರ ಅಕ್ಟೋಬರ್‌ನಲ್ಲಿ ಬಂದ ನವೀಕರಣವು ರಾಜ್ಯಗಳು ಪಠ್ಯವಿಷಯಗಳ ಮಾನದಂಡಗಳನ್ನು ರೂಪಿಸಿ ಅವುಗಳಿಗೆ ಹೊಂದುವ ಪರೀಕ್ಷೆಗಳನ್ನು ನಡೆಸಬೇಕೆಂದಿತು. ಅದುವರೆಗೆ ಇಂಗ್ಲಿಷ್ ಬಾರದ ಮಕ್ಕಳನ್ನು ರಾಜ್ಯ ಪರೀಕ್ಷೆಗಳಿಂದ ಹೊರಗಿಡುವುದು ಸಾಮಾನ್ಯ ರೂಢಿಯಾಗಿತ್ತು. ಅದು ಕರುಣೆಯಂತೆ ಕಂಡರೂ ಅದರ ಫಲವಾಗಿ ಆ ಮಕ್ಕಳ ಕಲಿಕೆಯ ಲೆಕ್ಕವನ್ನು ಯಾರೂ ಕೇಳುತ್ತಿರಲಿಲ್ಲ. 1994ರ ಕಾಯ್ದೆ ಅವರನ್ನೂ ಪರೀಕ್ಷೆಯೊಳಗೆ ಸೇರಿಸಬೇಕೆಂದಿತು. ಅವರು ಬಲ್ಲುದನ್ನು ಸರಿಯಾಗಿ ತಿಳಿಸಬಲ್ಲ ಭಾಷೆ ಮತ್ತು ರೂಪದಲ್ಲಿ, ‘ಕಾರ್ಯಸಾಧ್ಯವಾದ ಮಟ್ಟಿಗೆ’, ಪರೀಕ್ಷಿಸಬೇಕೆಂದೂ ಸೇರಿಸಿತು.

4. 2001: ಒಂದು ಪದದ ನಿರ್ಗಮನ, ಒಂದು ಉಪಗುಂಪಿನ ಆಗಮನ

‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಮಸೂದೆಯು 2001ರ ಡಿಸೆಂಬರ್‌ನಲ್ಲಿ ಪ್ರತಿನಿಧಿ ಸಭೆಯಲ್ಲಿ 381–41, ಸೆನೆಟ್‌ನಲ್ಲಿ 87–10 ಮತಗಳಿಂದ ಅಂಗೀಕಾರವಾಯಿತು. ಎರಡೂ ಪಕ್ಷಗಳು ಕೂಡಿ ನಡೆದ ಕಾರ್ಯವಿದು. ಮೂರರಿಂದ ಎಂಟನೆಯ ತರಗತಿಯವರೆಗೆ ಪ್ರತಿವರ್ಷ, ಪ್ರೌಢಶಾಲೆಯಲ್ಲಿ ಒಮ್ಮೆ ಓದು ಮತ್ತು ಗಣಿತದ ಪರೀಕ್ಷೆ, ಕನಿಷ್ಠ ಶೇ. 95ರಷ್ಟು ಹಾಜರಾತಿ, ಫಲಿತಾಂಶವನ್ನು ಜನಾಂಗ, ಬಡತನ, ಅಂಗವೈಕಲ್ಯ, ಇಂಗ್ಲಿಷ್ ಪ್ರಾವೀಣ್ಯ ಇವುಗಳಿಗೆ ಅನುಸಾರವಾಗಿ ಬಿಡಿಸಿ ಪ್ರಕಟಿಸುವುದು, ಯಾವ ಒಂದು ಉಪಗುಂಪು ಹಿಂದುಳಿದರೂ ಶಾಲೆಯು ‘ಸಮರ್ಪಕ ವಾರ್ಷಿಕ ಪ್ರಗತಿ’ ಸಾಧಿಸಲಿಲ್ಲವೆಂದು ಎಣಿಸುವುದು, ವರ್ಷಗಳು ಕಳೆದಂತೆ ಶಾಲಾ ಆಯ್ಕೆಯ ಅವಕಾಶದಿಂದ ಹಿಡಿದು ಶಾಲೆಯ ಪುನಾರಚನೆಯವರೆಗಿನ ಕ್ರಮಗಳು. ಇದು ಅದರ ಸ್ಥೂಲ ಚೌಕಟ್ಟು.

ಇದೇ ಕಾಯ್ದೆಯಲ್ಲಿ ಏಳನೆಯ ಅಧ್ಯಾಯದ ದ್ವಿಭಾಷಾ ಶಿಕ್ಷಣ ಕಾಯ್ದೆ ಕೊನೆಗೊಂಡಿತು. ಅದರ ಬದಲಿಗೆ ಮೂರನೆಯ ಅಧ್ಯಾಯ ಬಂತು. ಅದರ ಶೀರ್ಷಿಕೆಯಲ್ಲಿ ‘ದ್ವಿಭಾಷಾ’ ಎಂಬ ಪದವಿಲ್ಲ. ಶಿಕ್ಷಣ ಇಲಾಖೆಯ ‘ದ್ವಿಭಾಷಾ ಶಿಕ್ಷಣ ಮತ್ತು ಅಲ್ಪಸಂಖ್ಯಾತ ಭಾಷೆಗಳ ಕಚೇರಿ’ಯ ಹೆಸರು ‘ಇಂಗ್ಲಿಷ್ ಭಾಷಾರ್ಜನೆ’ ಎಂದು ಮೊದಲಾಗುವಂತೆ ಬದಲಾಯಿತು. ರಾಜ್ಯಗಳಲ್ಲಿ ಗಾಳಿ ಅದೇ ದಿಕ್ಕಿಗೆ ಬೀಸುತ್ತಿತ್ತು: ಕ್ಯಾಲಿಫೋರ್ನಿಯ 1998ರಲ್ಲಿ, ಅರಿಜೋನ 2000ದಲ್ಲಿ, ಮ್ಯಾಸಚೂಸೆಟ್ಸ್ 2002ರಲ್ಲಿ ಜನಮತದ ಮೂಲಕ ದ್ವಿಭಾಷಾ ಬೋಧನೆಯನ್ನು ಕಟ್ಟುನಿಟ್ಟಾಗಿ ನಿರ್ಬಂಧಿಸಿದವು. ಒಕ್ಕೂಟ ಕಾಯ್ದೆ ಮಾತೃಭಾಷಾ ಬೋಧನೆಯನ್ನು ನಿಷೇಧಿಸಲಿಲ್ಲವೆಂಬುದನ್ನು ಸ್ಪಷ್ಟಪಡಿಸಬೇಕು. ಅದು ಪ್ರತಿವರ್ಷ ಇಂಗ್ಲಿಷ್ ಪ್ರಾವೀಣ್ಯವನ್ನು ಅಳೆಯಬೇಕೆಂದಿತು, ಮನೆಮಾತಿನ ಪ್ರಾವೀಣ್ಯವನ್ನು ಕೇಳಲಿಲ್ಲ. ಅಳತೆಯಿಲ್ಲದ್ದು ವರದಿಯಲ್ಲಿ ಕಾಣಿಸಿಕೊಳ್ಳಲಿಲ್ಲ.

ಇನ್ನು ಉಪಗುಂಪಿನ ಗಣಿತ. ಒಂದು ಕಾಲ್ಪನಿಕ ಶಾಲೆಯಲ್ಲಿ ಈ ವರ್ಗದ 40 ಮಕ್ಕಳಿದ್ದಾರೆಂದು ಇಟ್ಟುಕೊಳ್ಳೋಣ. ಪ್ರತಿ ಮಗುವೂ ಹೆಚ್ಚೆಂದರೆ ಐದು ವರ್ಷಗಳಲ್ಲಿ ಪ್ರವೀಣ ಮಟ್ಟ ಮುಟ್ಟುವಷ್ಟು ಚೆನ್ನಾಗಿ ಆ ಶಾಲೆ ಕಲಿಸುತ್ತದೆ. ಪ್ರತಿವರ್ಷ 8 ಮಕ್ಕಳು ಆ ಮಟ್ಟ ಮುಟ್ಟಿ ವರ್ಗದಿಂದ ಹೊರಬೀಳುತ್ತಾರೆ. ಅವರ ಜಾಗಕ್ಕೆ ಹೊಸದಾಗಿ ಬಂದ 8 ಮಕ್ಕಳು ಸೇರುತ್ತಾರೆ. ಐದು ವರ್ಷ ಕಳೆಯುವ ಹೊತ್ತಿಗೆ ಮೊದಲಿನ ನಲವತ್ತೂ ಮಕ್ಕಳು ಪ್ರವೀಣರಾಗಿರುತ್ತಾರೆ. ಆದರೂ ಆ ಶಾಲೆಯ ಉಪಗುಂಪಿನ ಫಲಿತಾಂಶ ಮೊದಲ ವರ್ಷ ಶೇ. 20, ಐದನೆಯ ವರ್ಷವೂ ಶೇ. 20. ಕಾಯ್ದೆಯ ಕಣ್ಣಿಗೆ ಅದು ಐದು ವರ್ಷ ಕದಲದೆ ನಿಂತ ಶಾಲೆ.

ಭಾಷಾವ್ಯತ್ಯಾಸವನ್ನು ಅಧ್ಯಯನ ಮಾಡುವವರಿಗೆ ಈ ದೋಷ ಅಪರಿಚಿತವಲ್ಲ. ಒಂದೇ ಕಾಲದಲ್ಲಿ ಬೇರೆ ಬೇರೆ ವಯೋಮಾನದವರನ್ನು ಹೋಲಿಸಿ ಪಡೆದ ‘ತೋರಿಕೆಯ ಕಾಲ’ದ ಚಿತ್ರವನ್ನು, ಅದೇ ಜನರನ್ನು ಮತ್ತೆ ಮತ್ತೆ ಕಂಡು ಪಡೆದ ‘ನಿಜಕಾಲ’ದ ಚಿತ್ರವೆಂದು ನಾವು ಸುಲಭವಾಗಿ ಒಪ್ಪುವುದಿಲ್ಲ. ಇಲ್ಲಿ ತೊಡಕು ಅದಕ್ಕಿಂತ ದೊಡ್ಡದು: ಅಳೆಯಬೇಕಾದ ಬದಲಾವಣೆ ಆದ ಕೂಡಲೇ ಆ ವ್ಯಕ್ತಿಯನ್ನೇ ಮಾದರಿಯಿಂದ ತೆಗೆದುಹಾಕಲಾಗುತ್ತಿತ್ತು.

ಶಿಕ್ಷಣ ಇಲಾಖೆ ಇದನ್ನು ಬೇಗನೆ ಕಂಡಿತು. 2004ರ ಫೆಬ್ರವರಿಯಲ್ಲಿ ಕಾರ್ಯದರ್ಶಿ ರಾಡ್ ಪೇಜ್ ಅವರು ಪ್ರಕಟಿಸಿ, 2006ರಲ್ಲಿ ನಿಯಮವಾದ ಸಡಿಲಿಕೆಯ ಪ್ರಕಾರ, ವರ್ಗದಿಂದ ಹೊರಬಂದ ಮಕ್ಕಳನ್ನು ಇನ್ನೆರಡು ವರ್ಷ ಅದೇ ಉಪಗುಂಪಿನಲ್ಲಿ ಎಣಿಸಬಹುದಾಯಿತು. ನಮ್ಮ ಕಾಲ್ಪನಿಕ ಶಾಲೆಗೆ ಇದನ್ನು ಅನ್ವಯಿಸಿದರೆ, ಮೂರನೆಯ ವರ್ಷದಿಂದ 56 ಮಕ್ಕಳಲ್ಲಿ 24 ಮಂದಿ ಪ್ರವೀಣರು. ಎಂದರೆ ಸುಮಾರು ಶೇ. 43. ಶಾಲೆಯೂ ಅದೇ, ಪಾಠವೂ ಅದೇ, ಮಕ್ಕಳೂ ಅವರೇ. ಬದಲಾದದ್ದು ‘ಯಾರು ಮಿತ ಪ್ರಾವೀಣ್ಯದವರು’ ಎಂಬ ವ್ಯಾಖ್ಯಾನ ಮಾತ್ರ. ಆದರೆ ಗುರಿ ಶೇ. 100ರಲ್ಲೇ ಉಳಿಯಿತು. ಇಂಗ್ಲಿಷ್ ಬಾರದ ಹೊಸ ಮಕ್ಕಳು ಬರುತ್ತಿರುವವರೆಗೆ ಯಾವ ಎಣಿಕೆಯಲ್ಲೂ ಆ ಗುರಿಯನ್ನು ಮುಟ್ಟುವುದು ಸಾಧ್ಯವಿರಲಿಲ್ಲ.

5. ಪರೀಕ್ಷೆಯ ಭಾಷೆ

ವರ್ಗದ ವ್ಯಾಖ್ಯಾನ ಒಂದು ಕಡೆಯಾದರೆ, ಅಳತೆಗೋಲು ಇನ್ನೊಂದು ಕಡೆ. ಇಂಗ್ಲಿಷಿನಲ್ಲಿರುವ ಗಣಿತದ ಪ್ರಶ್ನೆಪತ್ರಿಕೆ ಗಣಿತವನ್ನು ಅಳೆಯುತ್ತದೆಯೋ ಇಂಗ್ಲಿಷನ್ನೋ? ಜಮಾಲ್ ಅಬೇದಿ ಮತ್ತು ಅವರ ಸಹೋದ್ಯೋಗಿಗಳು ಈ ಪ್ರಶ್ನೆಯನ್ನು ಪ್ರಯೋಗಕ್ಕೆ ಒಳಪಡಿಸಿದರು. ಕರ್ಮಣಿ ಪ್ರಯೋಗ, ಷರತ್ತಿನ ಉಪವಾಕ್ಯ, ಸಂಬಂಧಾರ್ಥಕ ಉಪವಾಕ್ಯ, ಉದ್ದನೆಯ ನಾಮಪದಪುಂಜ, ಅಪರಿಚಿತ ಪದ ಇಂಥವನ್ನು ಸರಳಗೊಳಿಸಿ, ಗಣಿತದ ಕಠಿಣತೆಯನ್ನು ಹಾಗೆಯೇ ಉಳಿಸಿ ಪ್ರಶ್ನೆಗಳನ್ನು ಮರುರಚಿಸಿದರು. ಭಾಷಾಭಾರ ಹೆಚ್ಚಿರುವ ವಿಷಯಗಳಲ್ಲಿ ಇಂಗ್ಲಿಷ್ ಕಲಿಯುವವರ ಮತ್ತು ಉಳಿದವರ ಅಂತರ ಹೆಚ್ಚು, ಭಾಷಾಭಾರ ಕಡಿಮೆಯಿರುವಲ್ಲಿ ಅಂತರವೂ ಕಡಿಮೆ ಎಂಬುದು ಈ ಸಂಶೋಧನೆಯಿಂದ ಮೂಡಿದ ಚಿತ್ರ. ಕಾಯ್ದೆಯ ಉತ್ತರದಾಯಿತ್ವ ವ್ಯವಸ್ಥೆಯ ಮೇಲೆ ಇದರ ಪರಿಣಾಮಗಳನ್ನು ಅಬೇದಿಯವರು 2004ರಲ್ಲಿ ಪ್ರಕಟವಾದ ಲೇಖನದಲ್ಲಿ ಬಿಡಿಸಿ ತೋರಿಸಿದರು. ಉಪಗುಂಪಿನ ಅಸ್ಥಿರತೆಯ ಪ್ರಶ್ನೆಯೂ ಅಲ್ಲಿದೆ.

ಕಾಲಾವಧಿಯ ಪ್ರಶ್ನೆಯಲ್ಲಿಯೂ ಶಾಸನ ಮತ್ತು ಸಂಶೋಧನೆ ಬೇರೆಯಾದವು. ಕೆಂಜಿ ಹಕುಟಾ, ಯೂಕೋ ಬಟ್ಲರ್ ಮತ್ತು ಡೇರಿಯ ವಿಟ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮಾತಿನ ಪ್ರಾವೀಣ್ಯಕ್ಕೆ 3ರಿಂದ 5 ವರ್ಷ, ಪಾಠದ ಇಂಗ್ಲಿಷಿಗೆ 4ರಿಂದ 7 ವರ್ಷ ಬೇಕು. ಕಾಯ್ದೆಯಾದರೋ, ಅಮೆರಿಕದ ಶಾಲೆಯಲ್ಲಿ ಸತತ ಮೂರು ವರ್ಷ ಕಳೆದ ಮಗು ಓದಿನ ಪರೀಕ್ಷೆಯನ್ನು ಇಂಗ್ಲಿಷಿನಲ್ಲೇ ಬರೆಯಬೇಕೆಂದಿತು. ಬಿಡಿ ಪ್ರಕರಣಗಳಲ್ಲಿ ಮಾತ್ರ ಇನ್ನೆರಡು ವರ್ಷ ವಿಸ್ತರಿಸಬಹುದಿತ್ತು. 1988ರಲ್ಲಿ ಕಾರ್ಯಕ್ರಮದಲ್ಲಿರುವ ಅವಧಿಗೆ ಹಾಕಿದ ಮಿತಿ ಈಗ ಅಳತೆಗೆ ಒಳಪಡುವ ಭಾಷೆಯ ಮಿತಿಯಾಯಿತು.

ಆ ಮೂರು ವರ್ಷವಾದರೂ ಮಾತೃಭಾಷೆಯಲ್ಲಿ ಪರೀಕ್ಷೆ ದೊರೆಯಿತೇ? ‘ಕಾರ್ಯಸಾಧ್ಯವಾದ ಮಟ್ಟಿಗೆ’ ಎಂಬ ಪದಪುಂಜ 2001ರ ಕಾಯ್ದೆಯಲ್ಲೂ ಉಳಿದಿತ್ತು. ಹೆಚ್ಚಿನ ರಾಜ್ಯಗಳು ಅದು ಕಾರ್ಯಸಾಧ್ಯವಲ್ಲವೆಂದೇ ನಿಶ್ಚಯಿಸಿದವು. ಕ್ಯಾಲಿಫೋರ್ನಿಯದ ಕೋಚೆಲ್ಲ ಕಣಿವೆ ಮತ್ತಿತರ ಶಾಲಾ ಜಿಲ್ಲೆಗಳು 2005ರಲ್ಲಿ ಇಂಗ್ಲಿಷ್ ಮಾತ್ರದ ಪರೀಕ್ಷೆಯನ್ನು ಪ್ರಶ್ನಿಸಿ ರಾಜ್ಯದ ವಿರುದ್ಧ ದಾವೆ ಹೂಡಿದವು. ಪರೀಕ್ಷೆಯ ಭಾಷೆಯ ಆಯ್ಕೆ ರಾಜ್ಯದ ವಿವೇಚನೆಗೆ ಸೇರಿದ್ದೆಂದು ಮೇಲ್ಮನವಿ ನ್ಯಾಯಾಲಯವು 2009ರಲ್ಲಿ ತೀರ್ಮಾನಿಸಿತು.

ಮಾತೃಭಾಷೆಯ ಪರೀಕ್ಷೆಯೇ ಸರ್ವಪರಿಹಾರವೆಂದು ನಾವು ಹೇಳುತ್ತಿಲ್ಲ. ಪಾಠವನ್ನೆಲ್ಲ ಇಂಗ್ಲಿಷಿನಲ್ಲಿ ಕೇಳಿದ ಮಗುವಿಗೆ ಭಿನ್ನರಾಶಿಯ ಪಾರಿಭಾಷಿಕ ಪದಗಳು ಮನೆಮಾತಿನಲ್ಲಿ ತಿಳಿದಿರಬೇಕಾಗಿಲ್ಲ. ಮನೆಮಾತಿನ ಪರೀಕ್ಷೆಗಳೂ ದಾರಿ ತಪ್ಪಿಸಬಲ್ಲವು. ಜೆಫ್ ಮ್ಯಾಕ್‌ಸ್ವಾನ್, ಕೆಲ್ಲಿ ರೋಲ್‌ಸ್ಟಾಡ್ ಮತ್ತು ಜೀನ್ ಗ್ಲಾಸ್ ಅವರ 2002ರ ಅಧ್ಯಯನವು, ಬಳಕೆಯಲ್ಲಿದ್ದ ಸ್ಪ್ಯಾನಿಷ್ ಪರೀಕ್ಷೆಯೊಂದು ಸ್ಪ್ಯಾನಿಷನ್ನೇ ಆಡುತ್ತ ಬೆಳೆದ ಮಕ್ಕಳನ್ನು ಆ ಭಾಷೆ ಬಾರದವರೆಂದು ಗುರುತಿಸುತ್ತಿತ್ತೆಂದು ತೋರಿಸಿತು. ಪೂರ್ಣ ವಾಕ್ಯದಲ್ಲೇ ಉತ್ತರಿಸಬೇಕೆಂಬಂಥ ಶಾಲಾ ರೂಢಿಯನ್ನು ಭಾಷಾಜ್ಞಾನವೆಂದು ತಿಳಿದದ್ದೇ ಅದಕ್ಕೆ ಕಾರಣ. ‘ಮಿತ’ ಎಂಬ ವಿಶೇಷಣ ಹೀಗೆ ಇಂಗ್ಲಿಷಿನ ಗಡಿ ದಾಟಿ ಮಗುವಿನ ಎರಡೂ ಭಾಷೆಗಳಿಗೆ ಅಂಟಬಲ್ಲದು.

6. 2007: ಎರಡು ನ್ಯಾಯಗಳ ಎದುರುಬದುರು

ಕಾಯ್ದೆಯ ನವೀಕರಣದ ಗಡುವು 2007. ಆ ವರ್ಷದ ಆರಂಭದಲ್ಲೇ ವರ್ಜೀನಿಯದಿಂದ ಒಂದು ಪ್ರಸಂಗ ರಾಷ್ಟ್ರದ ಗಮನ ಸೆಳೆಯಿತು. ಇಂಗ್ಲಿಷಿನ ಆರಂಭಿಕ ಹಂತದಲ್ಲಿರುವ ಮಕ್ಕಳಿಗೆ ಆ ರಾಜ್ಯವು ಇಂಗ್ಲಿಷ್ ಪ್ರಾವೀಣ್ಯದ ಪರೀಕ್ಷೆಯನ್ನೇ ಓದಿನ ಪರೀಕ್ಷೆಯ ಬದಲಿಗೆ ಬಳಸುತ್ತಿತ್ತು. ಅದು ಸಲ್ಲದೆಂದು ಒಕ್ಕೂಟದ ಇಲಾಖೆ ಹೇಳಿತು. ಓದಲಾಗದ ಪತ್ರಿಕೆಯನ್ನು ಮಕ್ಕಳ ಮುಂದೆ ಇಡುವುದಿಲ್ಲವೆಂದು ಫೇರ್‌ಫ್ಯಾಕ್ಸ್ ಕೌಂಟಿಯ ಶಾಲಾ ಮಂಡಳಿ 2007ರ ಜನವರಿಯಲ್ಲಿ ನಿರ್ಣಯಿಸಿತು; ಅನುದಾನ ತಡೆಯುವ ಎಚ್ಚರಿಕೆ ಬಂತು; ಕಡೆಗೆ ಮಂಡಳಿ ಮಣಿಯಬೇಕಾಯಿತು.

ಈ ಪ್ರಸಂಗದಲ್ಲಿ ಒಕ್ಕೂಟ ಸರ್ಕಾರವನ್ನು ಖಳನನ್ನಾಗಿ ಕಾಣುವುದು ಸುಲಭ. ಆದರೆ ಚರ್ಚೆಯ ದಾಖಲೆ ಅಷ್ಟು ಸರಳವಲ್ಲ. ಲಾ ರಾಜಾ ರಾಷ್ಟ್ರೀಯ ಮಂಡಳಿಯಂಥ ಲ್ಯಾಟಿನೋ ನಾಗರಿಕ ಹಕ್ಕು ಸಂಸ್ಥೆಗಳು ಉಪಗುಂಪಿನ ಎಣಿಕೆಯನ್ನು ಸಡಿಲಿಸುವುದನ್ನು ವಿರೋಧಿಸಿದವು. ಅವರ ಮಾತಿಗೆ 1994ಕ್ಕೆ ಹಿಂದಿನ ಅನುಭವದ ಆಧಾರವಿತ್ತು: ಎಣಿಕೆಯಿಂದ ಹೊರಗುಳಿದ ಮಗು ತರಗತಿಯ ಹಿಂದಿನ ಬೆಂಚಿನಲ್ಲೂ ಹೊರಗೇ ಉಳಿಯುತ್ತದೆ. ಶಿಕ್ಷಕರ ಸಂಘಟನೆಗಳು ಮತ್ತು ಅನೇಕ ಮಾಪನತಜ್ಞರು ಇನ್ನೊಂದು ಬದಿಯಲ್ಲಿದ್ದರು. ಅವರ ಮಾತಿಗೆ ಸಿಂಧುತ್ವದ ಆಧಾರವಿತ್ತು: ಅರ್ಥವಿಲ್ಲದ ಅಂಕಿಯಿಂದ ಶಾಲೆಯನ್ನು ದಂಡಿಸಿದರೆ, ಹೊಸದಾಗಿ ಬಂದ ಮಗುವನ್ನು ಶಾಲೆ ಹೊರೆಯೆಂದು ಕಾಣತೊಡಗುತ್ತದೆ. ಒಂದು ಬದಿ ಮಗು ಕಾಣಿಸಬೇಕೆಂದಿತು, ಇನ್ನೊಂದು ಬದಿ ಮಗು ಸರಿಯಾಗಿ ಕಾಣಿಸಬೇಕೆಂದಿತು. ಎರಡೂ ನ್ಯಾಯವೇ.

ಪ್ರತಿನಿಧಿ ಸಭೆಯ ಶಿಕ್ಷಣ ಸಮಿತಿಯ ಅಧ್ಯಕ್ಷ ಜಾರ್ಜ್ ಮಿಲ್ಲರ್ ಮತ್ತು ವಿರೋಧಪಕ್ಷದ ಹಿರಿಯ ಸದಸ್ಯ ಹೊವರ್ಡ್ ಮೆಕೀಯನ್ 2007ರಲ್ಲಿ ಚರ್ಚೆಗಾಗಿ ಒಂದು ಕರಡನ್ನು ಹೊರತಂದರು. ಪರೀಕ್ಷೆಯೊಂದನ್ನೇ ನೆಚ್ಚದೆ ಹಲವು ಅಳತೆಗಳನ್ನು ಬಳಸುವ ಪ್ರಸ್ತಾವ ಅದರಲ್ಲಿತ್ತು. ಅಳತೆಗಳು ಹೆಚ್ಚಿದರೆ ಹೊಣೆ ಜಾರಿಕೊಳ್ಳುತ್ತದೆಂದು ಕೆಲವರು, ಸಾಕಷ್ಟು ಹೆಚ್ಚಲಿಲ್ಲವೆಂದು ಕೆಲವರು ಆಕ್ಷೇಪಿಸಿದರು. ಆ ನವೀಕರಣ ನಡೆಯಲಿಲ್ಲ. ಹಳೆಯ ಕಾಯ್ದೆಯೇ ಮುಂದುವರಿಯಿತು. 2011ರ ಸೆಪ್ಟೆಂಬರ್‌ನಿಂದ ಒಬಾಮಾ ಆಡಳಿತವು ಷರತ್ತುಗಳೊಡನೆ ರಾಜ್ಯಗಳಿಗೆ ವಿನಾಯಿತಿ ಕೊಡತೊಡಗಿತು. ಮುಂದೆ ನಲವತ್ತಕ್ಕೂ ಹೆಚ್ಚು ರಾಜ್ಯಗಳು ವಿನಾಯಿತಿ ಪಡೆದವು. 2014ರ ಗಡುವು ಬಂದಾಗ ಶೇ. 100ರ ಗುರಿ ಕಾಗದದಲ್ಲಿತ್ತು, ಆಡಳಿತದಲ್ಲಿರಲಿಲ್ಲ.

7. 2015: ಬದಲಾದುದು, ಬದಲಾಗದುದು

ಸೆನೆಟರುಗಳಾದ ಲಮಾರ್ ಅಲೆಕ್ಸಾಂಡರ್ ಮತ್ತು ಪ್ಯಾಟಿ ಮರ್ರಿ ಅವರ ಸಂಧಾನದಿಂದ ರೂಪುಗೊಂಡ ‘ಎವ್ರಿ ಸ್ಟೂಡೆಂಟ್ ಸಕ್ಸೀಡ್ಸ್’ ಕಾಯ್ದೆಗೆ ಬರಾಕ್ ಒಬಾಮಾ 2015ರ ಡಿಸೆಂಬರ್ 10ರಂದು ಅಂಕಿತ ಹಾಕಿದರು. ಸಮರ್ಪಕ ವಾರ್ಷಿಕ ಪ್ರಗತಿಯ ಯಂತ್ರವನ್ನು ಅದು ಕಳಚಿತು. ಪರೀಕ್ಷೆಯನ್ನೂ ಉಪಗುಂಪಿನ ವರದಿಯನ್ನೂ ಉಳಿಸಿಕೊಂಡಿತು. ಪರಿಣಾಮಗಳನ್ನು ನಿರ್ಧರಿಸುವ ಅಧಿಕಾರವನ್ನು ಬಹುಮಟ್ಟಿಗೆ ರಾಜ್ಯಗಳಿಗೆ ಹಿಂದಿರುಗಿಸಿತು.

ನಮ್ಮ ವಿಷಯಕ್ಕೆ ಸಂಬಂಧಿಸಿ ಐದು ಬದಲಾವಣೆಗಳು ಮುಖ್ಯವಾದವು. ಇಂಗ್ಲಿಷ್ ಪ್ರಾವೀಣ್ಯದ ಕಡೆಗಿನ ಪ್ರಗತಿಯು ಮೂರನೆಯ ಅಧ್ಯಾಯದಿಂದ ಮೊದಲನೆಯ ಅಧ್ಯಾಯಕ್ಕೆ ಬಂದು, ಎಲ್ಲ ಶಾಲೆಗಳ ಉತ್ತರದಾಯಿತ್ವದ ಸೂಚಕಗಳಲ್ಲಿ ಒಂದಾಯಿತು. ಎಂದರೆ ಸ್ಥಿತಿಯೊಂದನ್ನೇ ಅಲ್ಲದೆ ಚಲನೆಯನ್ನೂ ಎಣಿಸಲು ಸಾಧ್ಯವಾಯಿತು. ವರ್ಗದಿಂದ ಹೊರಬಂದವರನ್ನು ನಾಲ್ಕು ವರ್ಷದವರೆಗೆ ಉಪಗುಂಪಿನಲ್ಲಿ ಎಣಿಸಬಹುದಾಯಿತು. ಹೊಸದಾಗಿ ಬಂದ ಮಕ್ಕಳ ಫಲಿತಾಂಶವನ್ನು ಮೂರು ವರ್ಷಗಳಲ್ಲಿ ಹಂತಹಂತವಾಗಿ ಸೇರಿಸುವ ಆಯ್ಕೆ ದೊರೆಯಿತು. ವರ್ಗದ ಪ್ರವೇಶಕ್ಕೂ ನಿರ್ಗಮನಕ್ಕೂ ಇಡೀ ರಾಜ್ಯಕ್ಕೆ ಒಂದೇ ವಿಧಾನವಿರಬೇಕೆಂದಾಯಿತು. ಐದು ವರ್ಷ ಕಳೆದರೂ ವರ್ಗದಲ್ಲೇ ಉಳಿದವರ ಸಂಖ್ಯೆಯನ್ನು ವರದಿಮಾಡಬೇಕೆಂದಾಯಿತು. ನಮ್ಮ ಕಾಲ್ಪನಿಕ ಶಾಲೆಯಲ್ಲಿ ನಾಲ್ಕು ವರ್ಷದ ಎಣಿಕೆಯನ್ನು ಅನ್ವಯಿಸಿದರೆ, ಐದನೆಯ ವರ್ಷ 72 ಮಕ್ಕಳಲ್ಲಿ 40 ಮಂದಿ ಪ್ರವೀಣರು: ಶೇ. 56ಕ್ಕೆ ಸಮೀಪ. ಒಂದೇ ಬೋಧನೆಗೆ ಮೂರು ವ್ಯಾಖ್ಯಾನಗಳಲ್ಲಿ ಮೂರು ಅಂಕಿಗಳು ದೊರೆತಂತಾಯಿತು: 20, 43, 56.

ಹೆಸರೂ ಬದಲಾಯಿತು. ‘ಮಿತ ಇಂಗ್ಲಿಷ್ ಪ್ರಾವೀಣ್ಯವುಳ್ಳ’ ಎಂಬುದು ಹೋಗಿ ‘ಇಂಗ್ಲಿಷ್ ಕಲಿಯುವವರು’ ಎಂಬುದು ಬಂತು. ಕೊರತೆಯ ವಿಶೇಷಣ ಹೋಗಿ ಕ್ರಿಯೆಯ ನಾಮ ಬಂದದ್ದು ಸ್ವಾಗತಾರ್ಹವೇ. ಆದರೆ ವ್ಯಾಖ್ಯಾನ ಪ್ರಕರಣವನ್ನು ಓದಿದರೆ, ಇಂಗ್ಲಿಷಿನ ತೊಡಕಿನಿಂದ ರಾಜ್ಯದ ಮಾನದಂಡವನ್ನು ಮುಟ್ಟಲಾಗದೆ ಹೋಗಬಹುದಾದವರು ಎಂಬ ಹಳೆಯ ಲಕ್ಷಣ ಹೆಚ್ಚುಕಡಮೆ ಹಾಗೆಯೇ ಇದೆ. ಮಗುವಿನ ಇನ್ನೊಂದು ಭಾಷೆಯ ಸಾಮರ್ಥ್ಯಕ್ಕೆ ವ್ಯಾಖ್ಯಾನದಲ್ಲಿ ಈಗಲೂ ಸ್ಥಾನವಿಲ್ಲ. ಒಂದು ರಾಜ್ಯದಲ್ಲಿ ಈ ವರ್ಗಕ್ಕೆ ಸೇರಿದ ಮಗು ಗಡಿ ದಾಟಿದರೆ ಸೇರದಿರಬಹುದೆಂಬ ಸ್ಥಿತಿಯೂ ಮುಂದುವರಿದಿದೆ, ಏಕೆಂದರೆ ಏಕರೂಪತೆ ರಾಜ್ಯದ ಒಳಗಿನದು ಮಾತ್ರ.

8. ಉಪಸಂಹಾರ

ಈ ಚರಿತ್ರೆಯಿಂದ ನಾವು ತಲುಪುವ ತೀರ್ಮಾನ ಇದು. ಅಮೆರಿಕದ ಶಾಲಾ ಉತ್ತರದಾಯಿತ್ವ ಕಾಯ್ದೆ ಭಾಷೆಯ ವಿಷಯದಲ್ಲಿ ಎಡವಿದ್ದಕ್ಕೆ ಅದು ಹೆಚ್ಚು ಪರೀಕ್ಷಿಸಿದ್ದು ಅಥವಾ ಹೆಚ್ಚು ದಂಡಿಸಿದ್ದು ಮಾತ್ರ ಕಾರಣವಲ್ಲ. ವರ್ಗದ ಲಕ್ಷಣವನ್ನೂ ವರ್ಗದ ಗುರಿಯನ್ನೂ ಅದು ಒಂದೇ ಮಾತಿನಲ್ಲಿ ಹೇಳಿತು. ಹಾಗಾಗಿ ಕಲಿಕೆ ನಡೆದಾಗಲೆಲ್ಲ ಅದರ ಸಾಕ್ಷ್ಯವೇ ಕಣ್ಮರೆಯಾಯಿತು. 2004ರ ಸಡಿಲಿಕೆಯಿಂದ 2015ರ ನಾಲ್ಕು ವರ್ಷದ ಎಣಿಕೆಯವರೆಗಿನ ಸುಧಾರಣೆಗಳೆಲ್ಲ ಕಣ್ಮರೆಯಾದ ಆ ಸಾಕ್ಷ್ಯವನ್ನು ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ತರುವ ಯತ್ನಗಳು. ಒಮ್ಮೆ ಈ ವರ್ಗಕ್ಕೆ ಸೇರಿದ ಮಗುವನ್ನು ಶಾಲೆಯ ಕೊನೆಯವರೆಗೂ ಅದೇ ಸಮೂಹದಲ್ಲಿ ಗುರುತಿಸಿ ಅನುಸರಿಸುವುದು, ಎಂದರೆ ನಿಜಕಾಲದ ಅಧ್ಯಯನವನ್ನೇ ವರದಿಯ ಆಧಾರವಾಗಿಸುವುದು, ತರ್ಕಬದ್ಧವಾದ ಮುಂದಿನ ಹೆಜ್ಜೆ. ಮಗುವನ್ನು ಕಾಣಿಸಬೇಕೆಂದವರಿಗೂ ಸರಿಯಾಗಿ ಕಾಣಿಸಬೇಕೆಂದವರಿಗೂ ಒಪ್ಪಿಗೆಯಾಗಬಲ್ಲ ದಾರಿಯೂ ಅದೇ ಎಂದು ನಮಗೆ ತೋರುತ್ತದೆ.

ಕನ್ನಡ ಭಾಷಾವಿಜ್ಞಾನಕ್ಕೆ ಇದು ತೀರ ದೂರದ ವಿಷಯವಲ್ಲ. ಅಮೆರಿಕದ ಶಾಲೆಗೆ ಮಗುವನ್ನು ಸೇರಿಸುವ ಕನ್ನಡ ಕುಟುಂಬವೂ ಮನೆಮಾತಿನ ಪ್ರಶ್ನಾವಳಿಯನ್ನು ತುಂಬಬೇಕು. ‘ಕನ್ನಡ’ ಎಂದು ಬರೆದ ಕೂಡಲೇ ಆ ಮಗು ಇಂಗ್ಲಿಷ್ ಪ್ರಾವೀಣ್ಯದ ತಪಾಸಣೆಗೆ ಒಳಗಾಗುತ್ತದೆ. 2015ರ ಕಾಯ್ದೆಯಂತೆ ಶಾಲೆಗೆ ಸೇರಿದ 30 ದಿನಗಳೊಳಗೆ ಆ ನಿರ್ಧಾರವಾಗಬೇಕು. ಮಗು ಎಷ್ಟು ಕನ್ನಡ ಬಲ್ಲದೆಂಬುದನ್ನು ಆ ಕಾಯ್ದೆ ಕೇಳುವುದಿಲ್ಲ. ಬಹುಭಾಷಿಕತೆಯೇ ಸಹಜವಾಗಿರುವ ನಾಡುಗಳ ಭಾಷಾವಿಜ್ಞಾನಿಗಳು, ಮಗುವಿನ ಭಾಷಾಸಂಪತ್ತನ್ನು ಒಟ್ಟಾಗಿ ವಿವರಿಸುವ ಮತ್ತು ಎಣಿಕೆಗೂ ಒದಗುವ ವರ್ಗಗಳನ್ನು ರೂಪಿಸಿಕೊಟ್ಟರೆ, ಮುಂದಿನ ನವೀಕರಣದ ಚರ್ಚೆಗೆ ಅದು ಉಪಯುಕ್ತವಾದ ಕೊಡುಗೆಯಾದೀತು.